ಕಬ್ಬು ತಿಂದವನೇ ಮೇಸ್ತ್ರಿ

ಜನರಿಂದ ಕೆಲಸ ತೆಗೆಯುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೂ ಬಂದಿತ್ತು. ಈ ಸಂಗತಿ ನನಗೆ ಬಹಳ ಹಿಂದೆಯೇ ತಿಳಿದಿತ್ತು. ಊರಿನವರಿಗೆ ತಿಳಿಯುವುದೊಂದು ಬಾಕಿ ಇತ್ತು.

ಅದಕ್ಕೂ ಕಾಲ ಕೂಡಿ ಬಂತು. ಮಲೆಯಾಚೆಯ ಹೊಳೆಗೆ ಅಣೆ ಕಟ್ಟಿ, ಬೆಟ್ಟಕ್ಕೆ ತೂತು ಕೊರೆದು, ಆ ನೀರನ್ನು ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಗೆ ತಿರುಗಿಸುವ ಕೆಲಸ ಮುಗಿಯುತ್ತ ಬಂದಿತ್ತು. ದೊಡ್ಡ ಕಾಲುವೆಯಿಂದ ನಮ್ಮ ಮಾರ್ಕಯನ್‌ಕೋಟ್ಟೈಗೆ ಒಂದು ಮರಿಗಾಲುವೆ ತೋಡಿಕೊಳ್ಳುವುದು ಊರವರ ಹೊಣೆ. ಮನೆಗೊಬ್ಬರಂತೆ ಮೂವತ್ತು ಜನ, ಇಪ್ಪತ್ತು ದಿನ. ಆಮೇಲೆ ನೀರು ಬಿಡುತ್ತಾರೆ. ಅಷ್ಟರೊಳಗೆ ಕಾಲುವೆ ಮುಟ್ಟದ ಹೊಲಕ್ಕೆ ಈ ವರ್ಷ ನೀರಿಲ್ಲ. ಕಾಲುವೆಯ ಕಟ್ಟಕಡೆಗೆ ಇದ್ದದ್ದು ನನ್ನ ಹೆಂಡತಿ ಬೊಮ್ಮಕ್ಕನಿಗೆ ಅವಳ ತಾಯಿ ಕೊಟ್ಟ ಹೊಲ. ಸಜ್ಜೆ ಬಿಟ್ಟು ಬೇರೇನನ್ನೂ ಕಾಣದ ಹೊಲ. ಅದರಲ್ಲಿ ಒಮ್ಮೆಯಾದರೂ ಭತ್ತ ಬೆಳೆದು ಆ ಅನ್ನವನ್ನು ಮನೆಯವರಿಗೆ ಬಡಿಸಬೇಕೆಂಬುದು ಅವಳ ಬಹುದಿನದ ಆಸೆ.

ಆದ್ದರಿಂದ ಮೇಸ್ತ್ರಿಯಾಗಲು ನಾನೇ ಮುಂದೆ ಬಿದ್ದೆ. ಊರ ಹಿರಿಯರು ಒಪ್ಪಿದರು. ಬೊಮ್ಮಕ್ಕ ಒಪ್ಪಲಿಲ್ಲ.

“ನಿಮ್ಗ್ಯಾಕುಂಗ ಈ ವೇಲೆ, ಈ ಮೇಸ್ತ್ರಿ ಕೆಲ್ಸ?” ಎಂದಳು. “ನಮ್ಮನೆ ಕೋಳೀನೇ ನಿಮ್ ಪೇಚ್ಚು ಕೇಳಾಕಿಲ್ಲ.”

“ಕೋಳಿಗೆ ಬುದ್ದಿ ಸಾಲ್ದು!” ಎಂದು ಗಂಭೀರವಾಗಿ ಉತ್ತರ ಕೊಟ್ಟು ಹೊರಟೆ.

ದೊಡ್ಡ ಕಾಲುವೆಯ ಮೇಲ್ವಿಚಾರಕರನ್ನು ನಾನು ಕಂಡಿದ್ದೆ. ತಲೆಗೆ ಟೋಪಿ, ಕೈಗೆ ಬೆತ್ತ, ಬಾಯಿಗೆ ಬೈಗುಳ. ಟೋಪಿ ನಮ್ಮಲ್ಲಿರಲಿಲ್ಲ. ಒಂದು ಮಂಕರಿಗೆ ಬಿಳಿ ಪಂಚೆ ಸುತ್ತಿ ತಲೆಯ ಮೇಲೆ ಕವುಚಿಕೊಂಡೆ. ಕೆಲಸದವರಿಗೆ ಕುಡಿಯುವ ನೀರು ಹೊರಲು ನಮ್ಮ ಮನೆಯ ಜೋಡೆತ್ತಿನಲ್ಲಿ ಹಿರಿಯನಾದ ಕಾರಿಯನ್ನು ಕರೆತಂದೆ. ತಾಳೆಗರಿಯ ಕೊಡೆಯ ಕೆಳಗೆ ನಿಂತು ಮೊದಲ ಅಪ್ಪಣೆ ಹೊರಡಿಸಿದೆ: “ನಾನು ಹೇಳೋ ಗಂಟ ಯಾರೂ ಮಂಬಟ್ಟಿ ಕೆಳಗಿಡಬಾರ್ದು!”

ಅವರು ಮಂಬಟ್ಟಿ, ಅಂದರೆ ಗುದ್ದಲಿಯನ್ನು, ಕೆಳಗಿಡಲಿಲ್ಲ ನಿಜ. ಆದರೆ ಎತ್ತಲೂ ಇಲ್ಲ. ನಾನು ನೋಡುತ್ತಿದ್ದ ಕಡೆ ಕೆಲಸ ಭರದಿಂದ ಸಾಗುತ್ತಿತ್ತು. ನನ್ನ ಬೆನ್ನಿನ ಹಿಂದೆ ಎಲೆಯಡಿಕೆ ನಡೆಯುತ್ತಿತ್ತು. ತಿರುಗಿದರೆ ಆ ಕಡೆ ಭರ, ಈ ಕಡೆ ಎಲೆಯಡಿಕೆ. ದೇವರು ಮೇಸ್ತ್ರಿಗೂ ಎರಡೇ ಕಣ್ಣು ಕೊಟ್ಟದ್ದು ದೊಡ್ಡ ತಪ್ಪು. ನಾಲ್ಕೂ ದಿಕ್ಕಿಗೆ ಕಣ್ಣಿಡಲು ನಿಂತಲ್ಲೇ ಗಿರಗಿರ ಸುತ್ತತೊಡಗಿದೆ. ಆರನೆಯ ದಿನ ತಲೆ ಸುತ್ತಿ, ಮಂಕರಿಯ ಸಮೇತ ಕಾಲುವೆಯೊಳಗೆ ಕುಡಿಯುವ ನೀರು ಚೆಲ್ಲಿ ಆಗಿದ್ದ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದೆ!

ಮೂವತ್ತು ಜನ ಗುದ್ದಲಿ ಹಿಡಿದು ಸುತ್ತ ನಿಂತು ಭಕ್ತಿಯಿಂದ ನೋಡಿದರು. ಯಾರೂ ಎತ್ತಲು ಕೈ ಚಾಚಲಿಲ್ಲ.

“ಎತ್ತನಾ?” ಎಂದ ಒಬ್ಬ.

“ಚುಮ್ಮಾ ಇರು. ಮಂಬಟ್ಟಿ ಕೆಳಗಿಡಬಾರ್ದು ಅಂತ ಉತ್ತರವು, ಅಪ್ಪಣೆ ಐತೆ,” ಎಂದ ಕರುಪ್ಪಯ್ಯ. ಅವನೇ ಗುಂಪಿನಲ್ಲಿ ಹಿರಿಯ. “ಮೇಸ್ತ್ರಿ ಹೇಳ್ಲಿ, ಅಪ್ಪುರಂ ಎತ್ತನ.”

ಹೇಳಲು ನನ್ನ ಬಾಯಿ ಖಾಲಿ ಇರಲಿಲ್ಲ.

ಬಿಗಿ ಹಿಡಿದರೆ ಆಗದು ಎಂದು ಅಂದೇ ಅರಿತು, ಮರುದಿನದಿಂದ ಪ್ರೀತಿಯ ದಾರಿ ಹಿಡಿದೆ. ಎಲ್ಲರನ್ನೂ ಹುಣಸೆಮರದ ಕೆಳಗೆ ಕೂರಿಸಿ, “ನಿಮ್ ಕಷ್ಟ ಸುಖ ಹೇಳ್ಕೊಳ್ಳಿ. ಇನ್ಮೇಲೆ ನೀವು ಹೇಳ್ದಂಗೆ ಕೆಲ್ಸ” ಎಂದೆ. ಹೇಳಿಕೊಂಡರು. ಕರುಪ್ಪಯ್ಯನ ಮಂಡಿಯಿಂದ ಶುರುವಾದದ್ದು ಮೂವತ್ತು ಮನೆಯ ಅತ್ತೆಯರನ್ನು ಮುಗಿಸುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಮೂರನೆಯ ದಿನ ಕಾಲುವೆ ಯಾವ ಕಡೆ ಹೋಗಬೇಕೆಂದು ಅವರನ್ನೇ ಕೇಳಿದೆ. ಒಬ್ಬ ನೆರಳಿರುವ ಕಡೆ ಎಂದ, ಇನ್ನೊಬ್ಬ ಮಣ್ಣು ಮೆತ್ತಗಿರುವ ಕಡೆ ಎಂದ. ಮತ್ತೊಬ್ಬನಿಗೆ ತನ್ನ ಹೆಂಡತಿ ಗಂಜಿ ತರುವ ದಾರಿಗೆ ಹತ್ತಿರ ಬೇಕಿತ್ತು. ಯಾರ ಮನಸ್ಸನ್ನೂ ನಾನು ನೋಯಿಸಲಿಲ್ಲ.

ಹನ್ನೆರಡನೆಯ ದಿನ ಊರ ಹಿರಿಯರು ನೋಡಲು ಬಂದರು. ಕಾಲುವೆ ಹುಣಸೆಮರವನ್ನು ಒಂದು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಸೇರಿತ್ತು.

“ಏನಪ್ಪಾ ಇದು, ಹುಣಸೆಮರಕ್ಕೆ ಕೋಟೆ ಕಟ್ತೀಯಾ?” ಎಂದು ಹಿರಿಯರಲ್ಲೊಬ್ಬರು ಕೇಳಿದರು.

ಅವರ ಹಿಂದೆ ಬೊಮ್ಮಕ್ಕ ನಿಂತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ದೂರದಲ್ಲಿದ್ದ ತನ್ನ ಹೊಲವನ್ನೊಮ್ಮೆ ನೋಡಿ, “ಇನ್ನೆಂಟೇ ದಿನ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಆಗ ನನಗೆ ನಮ್ಮ ಪೂರ್ವಿಕರ ನೆನಪಾಯಿತು. ದನ ಹೊಡೆದುಕೊಂಡು ಉತ್ತರದ ಕನ್ನಡ ಸೀಮೆಯಿಂದ ಈ ಕಣಿವೆಗೆ ಬಂದವರು ಅವರು. ಕಂಬಂನಲ್ಲಿ ನಮ್ಮವರ ದೇವರ ಹಿಂಡು ಇಂದಿಗೂ ಇದೆ. ಆ ಹಿಂಡಿಗೆ ಒಂದು ಪಟ್ಟದ ಹೋರಿ. ಅದು ತೀರಿಕೊಂಡರೆ ಹೊಸದನ್ನು ಮನುಷ್ಯರು ಆರಿಸುವುದಿಲ್ಲ. ಕಾಯಿ ಒಡೆದು, ಕರ್ಪೂರ ಹಚ್ಚಿ, ಕಬ್ಬಿನ ಕಟ್ಟನ್ನು ಹಿಂಡಿನ ಮುಂದಿಟ್ಟು ಕಾಯುತ್ತೇವೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ್ದಕ್ಕೇ ಪಟ್ಟ. ಅದರ ಮೇಲೆ ಯಾರೂ ಚಕಾರ ಎತ್ತುವಂತಿಲ್ಲ. ಮೇಸ್ತ್ರಿಯನ್ನೂ ಹೀಗೇ ಆರಿಸಿದರೆ? ದೇವರೇ ಕೊಟ್ಟ ಮೇಸ್ತ್ರಿಯ ಮಾತನ್ನು ಮೀರುವ ಗಂಡು ಯಾರು? ಕಬ್ಬಿಗೆ ಮೊದಲು ಬಾಯಿ ಹಾಕುವವನು ನಾನೇ ಎಂಬ ಏರ್ಪಾಡಂತೂ ನನ್ನ ಮನಸ್ಸಿನಲ್ಲಿ ಇದ್ದೇ ಇತ್ತು. ಅದಕ್ಕೆಂದೇ ಮರುದಿನ ಬೆಳಗಿನ ಗಂಜಿಯನ್ನೂ ಬಿಟ್ಟು ಹೋದೆ!

ಕರ್ಪೂರ ಹಚ್ಚಿದೆ, ಕಬ್ಬು ಇಟ್ಟೆ. ಮೂವತ್ತು ಜನ ಒಟ್ಟಿಗೆ ಎರಡು ಹೆಜ್ಜೆ ಹಿಂದೆ ಸರಿದರು. ಮೇಸ್ತ್ರಿಯಾದರೆ ಕೆಸರಿಗೆ ಬೀಳಬೇಕೆಂದು ಅವರು ಕಣ್ಣಾರೆ ಕಂಡಿದ್ದರಲ್ಲ! ನಾನು ಕಣ್ಣು ಮುಚ್ಚಿ, ಕೈ ಮುಗಿದು, ಒಂದು ಸಣ್ಣ ಪ್ರಾರ್ಥನೆ ಸಲ್ಲಿಸಿದೆ. ಪ್ರಾರ್ಥನೆ ಸ್ವಲ್ಪ ಉದ್ದವಾಯಿತು. ಕಣ್ಣು ಬಿಟ್ಟಾಗ ಕಾರಿ ಅರ್ಧ ಕಟ್ಟು ಮುಗಿಸಿತ್ತು.

“ಸಾಮೀ!” ಎಂದು ಕರುಪ್ಪಯ್ಯ ಅಡ್ಡಬಿದ್ದ. ನನಗಲ್ಲ.

“ಏ, ಅದು ಎತ್ತು ಕಣಯ್ಯಾ! ಹೋರಿ ಕೂಡ ಅಲ್ಲ!” ಎಂದು ಕೂಗಿದೆ.

“ಮನ್ಷರ್ನೇ ನಿಲ್ಸಿ ಕಬ್ಬು ಇಟ್ಟವ್ರು ನೀವು. ಎತ್ತು ಆಗಾಕಿಲ್ವಾ?” ಎಂದ ಅವನು.

ಕಾರಿಗೆ ಅರಿಸಿನ ಹಚ್ಚಿದರು, ಹಾರ ಹಾಕಿದರು. ಮೇಸ್ತ್ರಿಯ ಬೆನ್ನ ಮೇಲೆ ನೀರಿನ ಕೊಡ ಹೇರುವುದು ಮರ್ಯಾದೆಯಲ್ಲವೆಂದು ಕೊಡಗಳನ್ನು ಇಳಿಸಿದರು. ಇಳಿಸಿದ ಕೊಡಗಳನ್ನು ಯಾರಾದರೂ ಹೊರಲೇಬೇಕಲ್ಲ. ಮೂವತ್ತು ಜನರ ಕೈಯಲ್ಲೂ ಗುದ್ದಲಿ ಇತ್ತು. ನನ್ನ ಕೈ ಖಾಲಿ ಇತ್ತು.

ಕಾರಿ ಬೊಮ್ಮಕ್ಕನ ಹೊಲದಲ್ಲಿ ಸಜ್ಜೆ ಕಡ್ಡಿ ಮೇಯ್ದು ಬೆಳೆದದ್ದು. ಬಿಟ್ಟ ಬಾಣದಂತೆ ನೇರ ಆ ಕಡೆಗೇ ಹೊರಟಿತು. ಮೂವತ್ತು ಜನ ಅದರ ಹಿಂದೆ ತೋಡುತ್ತ ಹೋದರು. ಅದು ಮಲಗಿ ಮೆಲುಕು ಹಾಕಿದರೆ ಇವರು ಕೂತು ಎಲೆ ಹಾಕಿದರು. ಅದು ಎದ್ದರೆ ಇವರೂ ಎದ್ದರು. ಬೈಗುಳವಿಲ್ಲ, ಅತ್ತೆಯರ ವಿಚಾರಣೆಯೂ ಇಲ್ಲ. ಕೆಲಸಗಳ್ಳನೆಂದು ಹೆಸರಾದವನೊಬ್ಬ ಹಾಡಿಕೊಂಡು ಮಣ್ಣು ಎತ್ತುವುದನ್ನು ಕಂಡು ನನಗೆ ಹೊಟ್ಟೆ ಉರಿಯಿತು.

ನೀರು ಕೊಡುವಾಗ ಕರುಪ್ಪಯ್ಯನನ್ನು ಕೇಳಿಯೇಬಿಟ್ಟೆ: “ನನ್ನಲ್ಲಿ ಇಲ್ದೆ ಇರೋದು ಅದ್ರಲ್ಲಿ ಏನಯ್ಯಾ ಐತೆ?”

ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು, ಮರುಕದಿಂದ ನನ್ನನ್ನು ನೋಡಿದ. “ಅದೂ ನಮ್ ಜೊತೆ ಬಿಸ್ಲಲ್ಲೇ ನಿಂತೈತೆ ಅಣ್ಣಾ. ನೀವು ಕೊಡೆ ಕೆಳಗಿದ್ರಿ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇನ್ನೂ ಕಂಕುಳಲ್ಲಿದ್ದ ಕೊಡೆಯನ್ನು ಬಿಸಾಡಿ, ಮುಂದಿನ ಸುತ್ತಿನ ನೀರಿಗೆ ಹೊರಟೆ.

ಇಪ್ಪತ್ತನೆಯ ದಿನ ಕಾಲುವೆ ಹೊಲ ಮುಟ್ಟಿತು. ಮರುದಿನ ಮಧ್ಯಾಹ್ನ ನೀರು ಬಂತು. ಕೆಂಪಗೆ, ಕಸಕಡ್ಡಿ ತಳ್ಳಿಕೊಂಡು, ಆಮೆಯ ವೇಗದಲ್ಲಿ ಬಂದು ಬೊಮ್ಮಕ್ಕನ ಹೊಲಕ್ಕೆ ಇಳಿಯಿತು. ಅವಳು ಮೊಣಕಾಲುದ್ದ ಸೀರೆ ಎತ್ತಿಕಟ್ಟಿ ನೀರಿನೊಳಗೆ ನಿಂತು, ನಗುತ್ತ ಅಳುತ್ತ ಇದ್ದಳು. ನನ್ನ ಕಣ್ಣೂ ತೇವವಾಯಿತು. ಹಿರಿಯರು ಮೇಸ್ತ್ರಿಗೆ ಸುತ್ತಲು ರುಮಾಲು ತಂದರು. ಅಭ್ಯಾಸ ಬಲದಿಂದ ನಾನು ತಲೆ ಬಗ್ಗಿಸಿದೆ. ಅವರು ನನ್ನ ಪಕ್ಕದಿಂದ ಹಾದು ಕಾರಿಯ ಬಳಿಗೆ ಹೋದರು.

ಮರುದಿನ ಉಳುಮೆ. ಗದ್ದೆ ಸಿದ್ಧ, ನೇಗಿಲು ಸಿದ್ಧ. ಕಾರಿಯನ್ನು ಬಿಚ್ಚಲು ಹೋದರೆ ಊರಿಗೆ ಊರೇ ಅಡ್ಡ ನಿಂತಿತು. ಪಟ್ಟ ಕಟ್ಟಿಸಿಕೊಂಡ ಪ್ರಾಣಿಗೆ ನೊಗ ಹೇರಿದರೆ ಪಾಪ ಸುತ್ತಿಕೊಳ್ಳುತ್ತದಂತೆ! ನೊಗದ ಎಡಕ್ಕೆ ಇನ್ನೊಂದು ಎತ್ತಿತ್ತು. ಬಲಕ್ಕೆ ಯಾರೂ ಇರಲಿಲ್ಲ. ಬೊಮ್ಮಕ್ಕ ನನ್ನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. ಚಿನ್ನಮನೂರಿನ ಸಂತೆಯಲ್ಲಿ ದನ ಕೊಳ್ಳುವವರು ನೋಡುತ್ತಾರಲ್ಲ, ಹಾಗೆ.

ಮೂರು ದಿನ ಉತ್ತೆವು. ಎತ್ತು ನನಗಿಂತ ಅನುಭವಸ್ಥ. ನಾನು ಸಾಲು ತಪ್ಪಿದಾಗಲೆಲ್ಲ ಭುಜದಿಂದ ತಳ್ಳಿ ಸರಿಮಾಡುತ್ತಿತ್ತು. ಮೂರನೆಯ ಸಂಜೆ ಬೊಮ್ಮಕ್ಕ ನೇಗಿಲು ಬಿಟ್ಟು ಬಂದು ನನ್ನ ಬೆನ್ನು ತಟ್ಟಿದಳು. ಮದುವೆಯಾದಂದಿನಿಂದ ಅವಳು ನನ್ನನ್ನು ಹೊಗಳಿದ್ದು ಅದೇ ಮೊದಲು.

“ಪರವಾಗಿಲ್ಲುಂಗ,” ಎಂದಳು, “ಚೆನ್ನಾಗಿ ತಿರುಗ್ತೀರಿ.”

ಆ ಒಂದು ಮಾತು ಸಾಕಾಯಿತು. ಮರುದಿನ ಕೋಳಿ ಕೂಗುವ ಮೊದಲೇ ಎದ್ದು, ಯಾರೂ ಕರೆಯದಿದ್ದರೂ, ನಾನೇ ಹೋಗಿ ನೊಗಕ್ಕೆ ಕತ್ತು ಕೊಟ್ಟು ನಿಂತೆ. ಉಳುಮೆ ಹಿಂದಿನ ದಿನವೇ ಮುಗಿದಿತ್ತು!