ದೊಡ್ಡವ್ವನ ಪುಕ್ಕಟೆ ಸಿನಿಮಾ

ನಮ್ಮ ಕೊಪ್ಪಳದ ಮ್ಯೂಸಿಯಂನ ಪುಕ್ಕಟೆ ಸಿನಿಮಾಕ್ಕೆ ಜನ ಕಡಿಮೆಯಾಗಿದ್ದಕ್ಕೆ ಎಲ್ಲರೂ ಮೊಬೈಲನ್ನು ಬೈಯುತ್ತಾರೆ. ಪಾಪ, ಮೊಬೈಲು ಏನು ಮಾಡೀತು? ಕಾರಣ ನನ್ನ ದೊಡ್ಡವ್ವ!

ಒಂದು ಶನಿವಾರ ಸಿನಿಮಾ, ಮುಂದಿನ ಶನಿವಾರ ಇತಿಹಾಸದ ಮಾತು. ಎರಡಕ್ಕೂ ಟಿಕೆಟ್ ಇಲ್ಲ, ಎರಡಕ್ಕೂ ದೊಡ್ಡವ್ವ ಮೊದಲ ಸಾಲಿನಲ್ಲಿ ಹಾಜರು. ಕರೆದುಕೊಂಡು ಹೋಗುವ ಕರ್ಮ ನನ್ನದು. ವಾರವಿಡೀ ಕಚೇರಿಯಲ್ಲಿ ಸವೆದವನಿಗೆ ಶನಿವಾರ ಮಧ್ಯಾಹ್ನವಾದರೂ ಒಂದು ನಿದ್ದೆ ಬೇಡವೇ? "ಅಲ್ಲೇ ಮಕ್ಕೊಳ್ಳೊ, ಖುರ್ಚಿ ಮೆತ್ತಗದಾವ" ಎನ್ನುತ್ತಾಳೆ. ಅವಳ ಪಕ್ಕ ಕೂತು ನಿದ್ದೆಯೇ!

ದೊಡ್ಡವ್ವ ಸಿನಿಮಾ ನೋಡುವವಳಲ್ಲ, ಹೇಳುವವಳು. ಹೇಳುವುದು ಪಕ್ಕದ ಮನೆಯ ಶಂಕ್ರವ್ವನಿಗೆ. ಸಕ್ಕರೆ ಕಾಯಿಲೆಯಿಂದ ಶಂಕ್ರವ್ವನ ಎರಡೂ ಕಣ್ಣು ಹೋಗಿ ಕೆಲವು ವರ್ಷಗಳಾದವು. ದೊಡ್ಡವ್ವನಿಗೋ ಕಿವಿ ಸ್ವಲ್ಪ ಮಂದ. ಅವಳ ಪಿಸುಮಾತು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ!

"ಕಣ್ಣಿಲ್ಲದಾಕಿನ್ನ ಸಿನಿಮಾಕ್ಕ ಯಾಕ ಕರಕೊಂಡ್ ಹೋಗ್ತೀಬೇ?" ಎಂದು ಒಮ್ಮೆ ಕೇಳಿದೆ.

"ನಿನಗ ಕಣ್ಣದಾವಲ್ಲ, ನೀ ಏನ್ ನೋಡ್ತಿ? ಗೊರಕಿ ಹೊಡೀತಿ!"

ಒಮ್ಮೆ ಶಾಸನಗಳ ಬಗ್ಗೆ ಮಾತಾಡಲು ಹೊರಗಿನಿಂದ ಒಬ್ಬ ಪ್ರೊಫೆಸರರು ಬಂದಿದ್ದರು. ಅವರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಶುರು: "ತೆಳ್ಳಗದಾರಬೇ. ಕನ್ನಡಕ ಐತಿ. ಅಂಗಿ ಭಾಳ ಛಲೋ ಐತಿ, ಹೊಟ್ಟಿ ಮ್ಯಾಗಿನ ಗುಂಡಿ ಒಂದ ಇಲ್ಲ."

ಪ್ರೊಫೆಸರರ ಕೈ ಥಟ್ಟನೆ ಹೊಟ್ಟೆಗೆ ಹೋಯಿತು. ಭಾಷಣ ಮುಗಿಯುವತನಕ ಅಲ್ಲಿಂದ ಸರಿಯಲಿಲ್ಲ. ವಂದನಾರ್ಪಣೆ ಮಾಡಿದವರು, ಹೊಟ್ಟೆನೋವನ್ನೂ ಲೆಕ್ಕಿಸದೆ ಮಾತಾಡಿದರೆಂದು ಅವರನ್ನು ಕೊಂಡಾಡಿದರು!

ಇನ್ನೊಮ್ಮೆ ಪ್ರಶಸ್ತಿ ಬಂದ ಸಿನಿಮಾ. ನಾಯಕ ಕಿಟಕಿಯ ಬಳಿ ನಿಂತ. ನಿಂತೇ ಇದ್ದ.

"ಕಿಟಕ್ಯಾಗಿಂದ ನೋಡಾಕತ್ಯಾನ" ಎಂದಳು ದೊಡ್ಡವ್ವ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ನೋಡಾಕತ್ಯಾನ." ಮತ್ತೂ ಸ್ವಲ್ಪ ಹೊತ್ತು ಬಿಟ್ಟು, "ಬಸ್ ಬರೂದೈತೇನೊ!"

ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಮಾಸ್ತರರೊಬ್ಬರು ರೇಗಿದರು. "ಅವ್ವಾರ, ಸ್ವಲ್ಪ ಸುಮ್ಮ ಕುಂದರ್ರಿ!"

"ಸುಮ್ಮ ಕುಂದರಾಕ ಮನಿ ಐತಲ್ರಿ ಮಾಸ್ತರ, ಸಿನಿಮಾಕ್ಕ ಯಾಕ ಬರಬೇಕು?"

ದೊಡ್ಡವ್ವನ ದನಿ ತಗ್ಗಿಸುವ ರಿಮೋಟು ನನ್ನ ಕಿಸೆಯಲ್ಲಿದೆಯೇನೋ ಎಂಬಂತೆ ಮಾಸ್ತರರು ನನ್ನನ್ನು ದುರುಗುಟ್ಟಿ ನೋಡಿದರು. ನನಗೆ ನಾಚಿಕೊಳ್ಳಲೂ ತ್ರಾಣ ಉಳಿದಿರಲಿಲ್ಲ.

ಕಳೆದ ತಿಂಗಳ ಸಿನಿಮಾದಲ್ಲಿ ಹೆಂಗಸೊಬ್ಬಳು ಕಳೆದುಹೋದ ತನ್ನ ಎಮ್ಮೆಯನ್ನು ಹುಡುಕುತ್ತ ಊರೂರು ಅಲೆಯುತ್ತಿದ್ದಳು. ಕತೆ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಇವತ್ತಿಗೆ ಮುಗಿಯಿತು ಎಂದು ಮ್ಯೂಸಿಯಂನವರು ಕೈಮುಗಿದರು. ಜನ ಎದ್ದರು. ಎಲ್ಲರಿಗಿಂತ ಮೊದಲು ಎದ್ದವನು ನಾನು!

"ಹಂಗಾರ ಎಮ್ಮಿ ಸಿಗಲಿಲ್ಲೇನ?" ಎಂದಳು ಶಂಕ್ರವ್ವ.

ಎದ್ದಿದ್ದ ದೊಡ್ಡವ್ವ ಮತ್ತೆ ಕೂತಳು. "ಸಿಗತೈತಿ, ತಡಿ" ಎಂದು, ಖಾಲಿ ಪರದೆಯನ್ನೇ ನೋಡುತ್ತ ಹೇಳತೊಡಗಿದಳು. ಆ ಹೆಂಗಸನ್ನು ಕುಷ್ಟಗಿಯ ದಾಳಿಂಬೆ ತೋಟಗಳ ಬೇಲಿಗುಂಟ ನಡೆಸಿದಳು. ಹುಲಿಗಿಗೆ ತಂದು ಹೊಳೆಯ ದಂಡೆಯಲ್ಲಿ ಕೂರಿಸಿದಳು. "ಕಾಲು ಬಾತಾವ ಪಾಪ. ನೀರಾಗ ಇಳಿಬಿಟ್ಟು ಕುಂತಾಳ..."

ಬಾಗಿಲ ತನಕ ಹೋದವರು ನಿಂತರು. ಒಬ್ಬೊಬ್ಬರಾಗಿ ಬಂದು ಕೂತರು. ಯಾಕೋ ಅವತ್ತು ದೊಡ್ಡವ್ವನ ದನಿ ತಗ್ಗಿತ್ತು. ಹಿಂದಿನಿಂದ ಮಾಸ್ತರರು ಕೂಗಿದರು: "ಅವ್ವಾರ, ಸ್ವಲ್ಪ ಜೋರಾಗಿ ಹೇಳ್ರಿ, ಇಲ್ಲಿ ಕೇಳವಲ್ದು!"

"ಎಮ್ಮಿ ನೀರಾಗಿಂದ ಎದ್ದ ಬಂತ ನೋಡು. ಹಣಿ ಮ್ಯಾಗ ಬಿಳೀ ಚಿಕ್ಕಿ. ಎಡಗೊಂಬು ತುದೀಗೆ ಮುರದೈತಿ. ಬಂದು ಆಕಿ ಕೈ ನೆಕ್ಕಾಕತ್ತೈತಿ."

ನಾನು ಕಂಡಂತೆ ಸಿನಿಮಾದ ಎಮ್ಮೆಯ ಹಣೆಯಲ್ಲಿ ಚಿಕ್ಕಿ ಇರಲಿಲ್ಲ, ಕೊಂಬೂ ಮುರಿದಿರಲಿಲ್ಲ.

ಹೊರಗೆ ದೊಡ್ಡವ್ವ ಚಪ್ಪಲಿ ಹುಡುಕುತ್ತಿದ್ದಾಗ ಶಂಕ್ರವ್ವನನ್ನು ಆಟೋಗೆ ಹತ್ತಿಸಿದೆ. ಅವಳು ನನ್ನ ಕೈ ಬಿಡಲಿಲ್ಲ.

"ಅದು ನಮ್ಮನಿ ಎಮ್ಮಿ, ತಮ್ಮಾ. ಕಣ್ಣು ಹೋದಮ್ಯಾಲ ಹಿಂಡಾಕ ಆಗಂಗಿಲ್ಲಂತ ಕೊಟ್ಟಬಿಟ್ಟಿದ್ವಿ. ಹೊಡಕೊಂಡು ಹೋಗೂ ಮುಂದ ಅದರ ಮಾರಿ ನೋಡಾಕ ಆಗಿದ್ದಿಲ್ಲ ನನಗ" ಎಂದಳು. "ಇವತ್ತು ನೋಡಿದೆ."