ಜೋಳದ ಬೆಂಡಿನ ದಾಳ

ಕಾಲೇಜು ಓದಿದವರಿಗೆ ಹೆದರಿಕೆ ಕಡಿಮೆ ಎಂದು ನಮ್ಮ ಕುಷ್ಟಗಿಯ ಜನ ತಿಳಿದಿದ್ದಾರೆ. ಆ ನಂಬಿಕೆಯಿಂದ ನನಗೆ ಬೀದಿಯಲ್ಲಿ ನಮಸ್ಕಾರಗಳು ಬರುತ್ತಿರುವುದರಿಂದ ನಾನೂ ಅಲ್ಲಗಳೆಯಲು ಹೋಗಿಲ್ಲ. ನಿಜ ಹೇಳಬೇಕೆಂದರೆ, ಮೊದಲು ಕನ್ನಡದಲ್ಲಷ್ಟೇ ಹೆದರುತ್ತಿದ್ದವನು ಧಾರವಾಡದಲ್ಲಿ ಓದಿ ಬಂದ ಮೇಲೆ ಇಂಗ್ಲಿಷಿನಲ್ಲಿಯೂ ಹೆದರಬಲ್ಲೆ. ನಿಜಾಮರ ಆಳ್ವಿಕೆಯ ಕಡೆಯ ಬೇಸಿಗೆಯ ಆ ಮಧ್ಯಾಹ್ನ ನೆನಪಾದರೆ ಇಂದಿಗೂ ಕೈಯಲ್ಲಿನ ಚಹಾದ ಕಪ್ಪು-ಬಸಿ ತಾವಾಗಿಯೇ ಸದ್ದು ಮಾಡುತ್ತವೆ. ಆಗ ಠಾಣೆಯ ಮುಖ್ಯಸ್ಥರಾಗಿದ್ದ ಪೊಲೀಸ್ ಅಮೀನರು ವರ್ಗವಾಗಿ ಬಹುದೂರ ಹೋಗಿದ್ದಾರೆಂದು ಖಾತ್ರಿಯಾದ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂದದ್ದು.

ಎಲ್ಲಕ್ಕೂ ಕಾರಣ ನನಗಿರುವ ಒಂದು ದುಶ್ಚಟ: ಮನುಷ್ಯರನ್ನು ಕಂಡರೆ ನನಗೆ ತರಕಾರಿ ಕಾಣುತ್ತದೆ, ತರಕಾರಿ ಕಂಡರೆ ಕೈ ಪೆನ್ಸಿಲ್ ಹುಡುಕುತ್ತದೆ. ಸಾಲೆಗೆ ರಜೆ ಬಿಟ್ಟಾಗ ಮಗಳು ನೀಲಾ ಆಟವೊಂದನ್ನು ಮಾಡಿಕೊಡೆಂದು ಗಂಟುಬಿದ್ದಳು. ಬಟ್ಟೆ ಅಂಗಡಿಯ ರಟ್ಟಿನ ಮೇಲೆ ಹಾವಿನಂತೆ ಸುತ್ತುವ ಮನೆಗಳನ್ನು ಗೀಚಿ, ನಡುನಡುವೆ ಚಿತ್ರ ಬರೆದೆ. ಆಡುವುದು ಬಹಳ ಸುಲಭ. ದಾಳ ಹಾಕಬೇಕು, ಬಿದ್ದಷ್ಟು ಮನೆ ಬಳೆಚೂರು ನಡೆಸಬೇಕು, ಚಿತ್ರದ ಮನೆಗೆ ಬಂದವರು ಆ ಚಿತ್ರದಂತೆ ನಟಿಸಿ ತೋರಿಸಬೇಕು. ನಟಿಸದಿದ್ದರೆ ಮತ್ತೆ ಮೊದಲನೇ ಮನೆ. ರುಮಾಲು ಸುತ್ತಿದ ಕತ್ತೆಯ ಮನೆಗೆ ಬಂದವರು ಒದರಬೇಕು. ಕಟ್ಟಕಡೆಗೆ ಹೋಳಿಗೆಯ ಮನೆ, ಅದಕ್ಕೆ ಸ್ವಲ್ಪ ಮೊದಲು ಆಡಿನ ಮೇಲೆ ಸವಾರಿ ಹೊರಟ ಮೀಸೆಯ ಕುಂಬಳಕಾಯಿ. ಅಲ್ಲಿ ಗಲ್ಲ ಉಬ್ಬಿಸಿ, ಮೀಸೆ ತಿರುವಿ, 'ಹುಷಾರ್' ಎನ್ನಬೇಕು. ಕುಂಬಳಕಾಯಿ ಯಾರೆಂದು ಕುಷ್ಟಗಿಯಲ್ಲಿ ಯಾರೂ ಕೇಳಲಿಲ್ಲ. ನಮ್ಮ ಅಮೀನರ ಕುದುರೆ ಅವರನ್ನು ಹೊತ್ತು ಹೊತ್ತು ಆಡಿನಷ್ಟಾಗಿತ್ತು. ದಾಳಕ್ಕೆ ಕಟ್ಟಿಗೆ ಕೆತ್ತಲು ಸೋಮಾರಿತನವಾಗಿ ಜೋಳದ ದಂಟಿನ ಬೆಂಡನ್ನೇ ಚೌಕವಾಗಿ ಕೊಯ್ದು ಚುಕ್ಕೆ ಇಟ್ಟೆ. ಹಗುರ ವಸ್ತು, ಎದುರಿಗೆ ಕೂತು ಸೀನಿದರೂ ಹೊರಳುತ್ತಿತ್ತು. ಅದಕ್ಕೇ ಕಡೆಗೆ ಕಂಡ ಚುಕ್ಕೆಯೇ ಲೆಕ್ಕ ಎಂದು ನಾನೇ ಕಾಯ್ದೆ ಮಾಡಿದ್ದೆ.

ನಗುವುದಕ್ಕೂ ಅಪ್ಪಣೆ ಬೇಕಾದ ಕಾಲವದು. ನಿಜಾಮ ಸರಕಾರದ ಸಂಬಳ ಉಣ್ಣುವ ಮಾಸ್ತರನೊಬ್ಬ ಅಮೀನರನ್ನು ಕುಂಬಳಕಾಯಿ ಮಾಡಿದನೆಂದರೆ ನೌಕರಿಯ ಜೊತೆಗೆ ಮಾಸ್ತರನೂ ಕಾಣೆಯಾಗುವುದು ಸಹಜವಾಗಿತ್ತು.

ಹನುಮಸಾಗರದಿಂದ ಬಿಸಿಲಲ್ಲಿ ಬಂದ ಅಮೀನರು ನೀರು ಕುಡಿಯಲು ನಮ್ಮ ಪಡಸಾಲೆಯನ್ನೇ ಆರಿಸಿಕೊಂಡರು. ಕೂತದ್ದು ರಟ್ಟಿನ ಎದುರಿಗೇ. ನೀಲಾ ಅಮೀನರ ಕೈಗೆ ದಾಳ ಕೊಟ್ಟೇಬಿಟ್ಟಳು. ಸಾಹೇಬರಿಗೆ ಕೆಲಸ ಬಹಳ ಇರುತ್ತದೆ ಎಂದು ನಾನು ತೊದಲಿದೆ.

"ಈ ಬಿಸಲಾಗ ಏನ್ ಕೆಲಸ ಮಾಸ್ತರ, ಕಳ್ಳರೂ ಮಲಗಿರ್ತಾರ," ಎಂದು ಅವರು ಚಕ್ಕಳಮಕ್ಕಳ ಹಾಕಿದರು.

ಹೊರಗಟ್ಟಲಾಗದವರಿಗೆ ಉಪಚಾರವನ್ನಾದರೂ ಮಾಡೋಣವೆಂದು ನಾನು ಬೀಸಣಿಕೆ ಹಿಡಿದೆ. ಅಮೀನರು ಕತ್ತೆಯ ಮನೆಗೆ ಬಂದು ಎಷ್ಟು ಮನಸ್ಸಿಟ್ಟು ಒದರಿದರೆಂದರೆ ಹೊರಗೆ ಕಟ್ಟಿದ್ದ ಕುದುರೆ ಕೆನೆದು ಓಗೊಟ್ಟಿತು. ಹಾಗೆಯೇ ಮುಂದೆ ಸಾಗಿ, ನಾಲ್ಕು ಬಿದ್ದರೆ ಕುಂಬಳಕಾಯಿ ಎಂಬಲ್ಲಿಗೆ ಬಂದು ನಿಂತರು. ದಾಳ ಹಾಕಿದರು. ಎರಡು ಬಿತ್ತು. ಹೋದ ಜೀವ ಬಂದ ಸಂತೋಷದಲ್ಲಿ ನನ್ನ ಕೈ ಜೋರಾಗಿ ಬೀಸಿತು. ಬೆಂಡು ಮೆಲ್ಲಗೆ ಮಗ್ಗಲು ಬದಲಿಸಿ ನಾಲ್ಕಾಯಿತು.

ಗಾಳಿಗೆ ಹೊರಳಿದ್ದು ಲೆಕ್ಕಕ್ಕಿಲ್ಲ ಎಂದು ನಾನು ವಾದ ಹೂಡಿದೆ.

"ಕಡೀಕ ಕಂಡದ್ದ ಲೆಕ್ಕ ಅಂತ ನೀನ ಹೇಳಿದ್ಯಲ್ಲ ಅಪ್ಪಾ," ಎಂದಳು ನೀಲಾ.

"ಹುಡುಗಿ ಹೇಳೂದು ಖರೆ ಐತಿ. ಕಾಯ್ದೆ ಅಂದ್ರ ಕಾಯ್ದೆ," ಎಂದು ಅಮೀನರು ಬಳೆಚೂರನ್ನು ತಾವೇ ನಡೆಸಿ, ಚಿತ್ರದ ಮೇಲೆ ಬಾಗಿದರು. ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರ್ರಿ ಇವ್ರು?"

"ಕುಂಬಳಕಾಯಿ ರೀ."

"ನನ್ನ ಮುಂದ ಸುಳ್ಳ ಹೇಳಬ್ಯಾಡ್ರಿ ಮಾಸ್ತರ."

ಆ ಕ್ಷಣವನ್ನು ನಾನು ಈಗಲೂ ಊಟಕ್ಕೆ ಕೂತಾಗ, ಪಾಠ ಹೇಳುವಾಗ, ಹಜಾಮನೆದುರು ಕತ್ತು ಬಗ್ಗಿಸಿದಾಗ ಮತ್ತೆ ಮತ್ತೆ ಅನುಭವಿಸುತ್ತೇನೆ. ಅಮೀನರು ನನ್ನ ಕಿವಿಯ ಹತ್ತಿರ ಬಂದು, "ನಮ್ಮ ತಹಶೀಲ್ದಾರರು ಹೌದಲ್ಲೋ?" ಎಂದರು.

ತಹಶೀಲ್ದಾರರು ಬಾರುಕೋಲಿನಷ್ಟು ಸಣಕಲು ಮನುಷ್ಯ, ಮೀಸೆಯಂತೂ ಇಲ್ಲವೇ ಇಲ್ಲ. ನಾನು ತಲೆಯಾಡಿಸಿದೆನೋ, ಅದು ತಾನೇ ಆಡಿತೋ ತಿಳಿಯದು. ಅಮೀನರು ಗಲ್ಲ ಉಬ್ಬಿಸಿ, ಮೀಸೆ ತಿರುವಿ, "ಹುಷಾರ್" ಎಂದರು. ಚಿತ್ರ ಯಾವುದು, ಅಮೀನರು ಯಾವುದು ಎಂದು ಬರೆದ ನನಗೇ ಗುರುತು ಹತ್ತಲಿಲ್ಲ. ಹೊಟ್ಟೆ ಹಿಡಿದು ನಕ್ಕು, ಹೊರಡುವಾಗ ಮಾತ್ರ ಮುಖ ಸಣ್ಣದು ಮಾಡಿದರು.

"ಎಲ್ಲಾರನೂ ಬರದೀರಿ, ನನ್ನ ಯಾಕ ಬಿಟ್ಟೀರಿ? ನಮ್ಮ ಹುಡುಗರಿಗೂ ಒಂದು ಮಾಡಿ ಕೊಡ್ರಿ. ಅದರಾಗ ನಾನೂ ಇರಬೇಕ ನೋಡ್ರಿ."

ಮಾಡಿಕೊಟ್ಟೆ. ಅದರಲ್ಲಿ ಎತ್ತರದ ಬಿಳಿ ಕುದುರೆಯ ಮೇಲೆ ಸಪೂರ ನಡುವಿನ ವೀರನೊಬ್ಬ ಕೂತಿದ್ದ. ಊರಲ್ಲಿ ಒಬ್ಬರಿಗೂ ಗುರುತು ಸಿಗಲಿಲ್ಲ. ಅಮೀನರಿಗೆ ಕಂಡ ಕೂಡಲೇ ಸಿಕ್ಕಿತು.

ನಮ್ಮ ಮನೆಯ ರಟ್ಟಿನಲ್ಲಿಯೂ ಒಂದು ಚಿತ್ರ ಹೆಚ್ಚಾಗಿದೆ. ಅದನ್ನು ಬರೆದವಳು ನೀಲಾ: ಕನ್ನಡಕ ಹಾಕಿಕೊಂಡ ಪಡವಲಕಾಯಿ, ಕೈಯಲ್ಲಿ ಬೀಸಣಿಕೆ. ಆ ಮನೆಗೆ ಬಂದವರು ಗಡಗಡ ನಡುಗಿ ತೋರಿಸಬೇಕು. ನನ್ನ ಹೆಂಡತಿ ಹಾಗೆ ನಡುಗಿ ತೋರಿಸಿದರೆ ನೆರೆಮನೆಯವರೂ ನೋಡಲು ಬರುತ್ತಾರೆ. ಮೊನ್ನೆ ನನ್ನ ಬಳೆಚೂರು ಅಲ್ಲಿಗೇ ಬಂತು. ಅಷ್ಟರಲ್ಲಿ ಬೀದಿಯಲ್ಲಿ ಯಾವುದೋ ಕುದುರೆ ಕೆನೆಯಿತು. ನಾನು ಬಹಳ ಚೆನ್ನಾಗಿಯೇ ನಡುಗಿದೆ. ನೀಲಾ ನನ್ನನ್ನೊಮ್ಮೆ ದಿಟ್ಟಿಸಿ ನೋಡಿ, ಬಳೆಚೂರನ್ನೆತ್ತಿ ಮೊದಲನೇ ಮನೆಯಲ್ಲಿಟ್ಟಳು.

"ನಟನಾ ಮಾಡಬೇಕಪ್ಪಾ. ಖರೇ ನಡುಗಿದ್ರ ಲೆಕ್ಕಕ್ಕಿಲ್ಲ."