ಟ್ಯಾಕ್ಸಿಯ ಮುಂದೆ ತೂಗುವ ನಿಂಬೆಹಣ್ಣಿನವರಿಗೆ

ಬೈಕುಲ್ಲಾ, ಮುಂಬಯಿ
ಏಪ್ರಿಲ್ ೧೯೭೪

ಏಳು ಹಸಿಮೆಣಸಿನಕಾಯಿಗಳ ಪರಿವಾರ ಸಮೇತ ಈ ಶಹರದ ಸಕಲ ಟ್ಯಾಕ್ಸಿಗಳ ಮುಂದೆ ವಿರಾಜಮಾನರಾಗಿರುವ ಮಾನ್ಯ ನಿಂಬೆಹಣ್ಣಿನವರಿಗೆ, ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಬ್ರೇಕ್ ರಿಪೇರಿ ಮಾಡುತ್ತಿರುವ ಶರೀಫನು ಗ್ರೀಸು ಹತ್ತಿದ ಕೈ ಒರೆಸಿಕೊಂಡು ಮಾಡುವ ಸಲಾಮುಗಳು.

ತಮ್ಮದೂ ನನ್ನದೂ ಒಂದೇ ಕಸುಬು, ಗಾಡಿಗೆ ಅಪಘಾತವಾಗದಂತೆ ನೋಡಿಕೊಳ್ಳುವುದು. ಆದರೆ ತಮ್ಮನ್ನು ಪ್ರತಿ ಶನಿವಾರ ತಪ್ಪದೆ ಬದಲಾಯಿಸುವ ಡ್ರೈವರುಗಳು, ಬ್ರೇಕ್ ಲೈನರನ್ನು ಮಾತ್ರ ಅದು ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಇಡೀ ಬೀದಿಯ ಹಲ್ಲು ಜುಮ್ಮೆನ್ನುವವರೆಗೂ ಮುಟ್ಟುವುದಿಲ್ಲ. ಇದರಲ್ಲಿ ತಮ್ಮ ತಪ್ಪಿಲ್ಲ. ತಮ್ಮನ್ನು ಕಟ್ಟಲು ಒಂದು ನಿಮಿಷ ಸಾಕು, ನನ್ನ ಕೆಲಸಕ್ಕೆ ಗಾಡಿ ಅರ್ಧ ದಿನ ನಿಲ್ಲಬೇಕು.

ವಿಜಾಪುರದ ಕಡೆಯಿಂದ ಬಂದು ಇಲ್ಲಿ ಟ್ಯಾಕ್ಸಿ ಓಡಿಸುವ ನಮ್ಮ ಕಾಶಪ್ಪ ತಮ್ಮ ಪರಮಭಕ್ತ. ಅವನ ಬ್ರೇಕು ಮೂರು ಸಲ ತುಳಿದರೆ ಮಾತ್ರ ಹಿಡಿಯುತ್ತಿತ್ತು. ಜನವರಿಯ ಒಂದು ಶುಕ್ರವಾರ, ಗಾಡಿ ಬಿಟ್ಟು ಹೋಗೆಂದು ನಾನು ಹೇಳಿದರೆ, "ಮೂರನೇದಕ್ಕ ಹಿಡೀತೈತಲ್ಲ ಶರೀಫಣ್ಣ, ಮುಂದ ನಿಂಬಿಹಣ್ಣ ಬ್ಯಾರೆ ಐತಿ" ಅಂದ. ಚಾವಿ ಕಸಿದುಕೊಳ್ಳಬೇಕಿತ್ತು. ನಾನು ನಕ್ಕು ಕಳಿಸಿದೆ, ಅದಕ್ಕೆ ಇವತ್ತಿಗೂ ನಾಚಿಕೆಪಡುತ್ತೇನೆ.

ಮರುದಿನ ಬೆಳಿಗ್ಗೆ ಅವನು ತಮ್ಮ ಹೊಸ ಅವತಾರವನ್ನು ಕೊಳ್ಳಲು ಮಾರ್ಕೆಟ್ಟಿನ ಮೂಲೆಗೆ ಹೊರಟ. ಅಲ್ಲಿ ಅಂಬವ್ವ ಸೂಜಿ ದಾರ ಹಿಡಿದು ತಮ್ಮನ್ನು ಮೆಣಸಿನಕಾಯಿಯ ಜೊತೆ ಪೋಣಿಸುತ್ತ ಕೂತಿರುತ್ತಾಳೆ. ಡ್ರೈವರುಗಳು ಸೀಟು ಬಿಟ್ಟು ಇಳಿಯದೆ ಕೈಚಾಚುವುದರಿಂದ ಅವಳ ಬುಟ್ಟಿ ಫುಟ್‌ಪಾತ್ ಇಳಿದು ರಸ್ತೆಗೇ ಬಂದಿತ್ತು. ಕಾಶಪ್ಪ ಒಂದು ಸಲ ತುಳಿದ, ಎರಡು ಸಲ ತುಳಿದ, ಮೂರನೆಯದಕ್ಕೆ ಜಾಗ ಉಳಿದಿರಲಿಲ್ಲ. ಬುಟ್ಟಿ ಚಪ್ಪಟೆಯಾಯಿತು, ಅಂಬವ್ವನ ಎಡಗಾಲು ಎರಡು ಕಡೆ ಮುರಿಯಿತು. ಇಬ್ಬರು ಮೊಮ್ಮಕ್ಕಳನ್ನು ಆ ಬುಟ್ಟಿಯಿಂದಲೇ ಸಾಕುತ್ತಿದ್ದ ಮುದುಕಿ ಮತ್ತೆ ಎದ್ದು ನಡೆಯುತ್ತಾಳೋ ಇಲ್ಲವೋ ಎಂದು ನಾವೆಲ್ಲ ಹೆದರಿ ಕೂತೆವು.

ಪೊಲೀಸರ ಪಂಚನಾಮೆಯಲ್ಲಿ ತಮ್ಮ ಹೆಸರೂ ಬಂದಿದೆ ಎಂದು ತಿಳಿಸಲು ಸಂತೋಷವಾಗುತ್ತದೆ. ನಿಂಬೆಹಣ್ಣು ಒಂದು, ಮೆಣಸಿನಕಾಯಿ ಏಳು, ಯಾವುದಕ್ಕೂ ಪೆಟ್ಟಾಗಿಲ್ಲ. ಕಾಶಪ್ಪ ಆಸ್ಪತ್ರೆಯಲ್ಲಿ ಅಂಬವ್ವನ ಕಾಲು ಹಿಡಿಯಲು ಹೋಗಿ, ಯಾವ ಕಾಲು ಹಿಡಿಯಬೇಕೆಂದು ತಿಳಿಯದೆ ಮಂಚದ ಕಾಲನ್ನೇ ಹಿಡಿದು ಅತ್ತ. ಹೊರಗೆ ಬಂದ ಮೇಲೆ ಮಾತ್ರ, "ಹೋದ ವಾರದ ಹಣ್ಣಲ್ಲೇನು, ಕಸುವು ಇಳದಿತ್ತು" ಎಂದು ನನಗೇ ತಿಳಿಹೇಳಿದ.

ಆದ್ದರಿಂದ ಮಾನ್ಯರಲ್ಲಿ ಕೆಲವು ವಿನಂತಿಗಳಿವೆ. ಗಾಡಿಯಲ್ಲಿ ಎಲ್ಲಕ್ಕಿಂತ ಮುಂದೆ ಇದ್ದ ಪ್ರತ್ಯಕ್ಷದರ್ಶಿ ತಾವೊಬ್ಬರೇ ಆದುದರಿಂದ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. ಬ್ರೇಕು ಸವೆದ ಗಾಡಿಗೆ ತಮ್ಮನ್ನು ಕಟ್ಟಲು ಬಂದರೆ ಡ್ರೈವರನ ಕಣ್ಣಿಗೇ ರಸ ಹಾರಿಸಬೇಕು. ಅದೂ ಕಷ್ಟವೆನಿಸಿದರೆ, ಪೆಡಲ್ ಕೈಕೊಟ್ಟಾಗ ದಯವಿಟ್ಟು ಕೆಳಗಿಳಿದು ಚಕ್ರಕ್ಕೆ ಅಡ್ಡ ಮಲಗಬೇಕು, ಅಂಬವ್ವ ಮಾಡಿದ್ದು ಅದನ್ನೇ.

ತಮ್ಮ ಹುಳಿಯಲ್ಲಿ ಪೂರ್ಣ ವಿಶ್ವಾಸವುಳ್ಳ, ತಮ್ಮ ಕಾವಲಿನಲ್ಲಿ ಅಷ್ಟಾಗಿ ಇಲ್ಲದ ಸಹೋದ್ಯೋಗಿ,
ಶರೀಫ, ಬ್ರೇಕ್‌ವಾಲಾ

ತಾ.ಕ.: ಅಂಬವ್ವ ಕೋಲೂರಿಕೊಂಡು ನಡೆಯತೊಡಗಿದ್ದಾಳೆ. ಈಗ ಅವಳ ಬುಟ್ಟಿ ನನ್ನ ಗ್ಯಾರೇಜಿನ ಕಟ್ಟೆಯ ಮೇಲಿದೆ. ಎದುರಿನ ರಸ್ತೆಯಲ್ಲಿ ಸುಣ್ಣದ ಗೆರೆ ಎಳೆಸಿದ್ದಾಳೆ, ಒಂದೇ ತುಳಿತಕ್ಕೆ, ಗೆರೆ ದಾಟುವ ಮೊದಲೇ ನಿಲ್ಲದ ಗಾಡಿಗೆ ತಮ್ಮನ್ನು ಕೊಡುವುದಿಲ್ಲ. ಮೊದಲು ಬರಿಗೈಲಿ ಮರಳಿದವನು ಕಾಶಪ್ಪ, ಅರ್ಧ ದಿನ ಗಾಡಿ ನನ್ನಲ್ಲಿ ಬಿಟ್ಟ. ಹತ್ತೊಂಬತ್ತು ವರ್ಷ ನಾನು ಬಾಯಿ ಒಣಗಿಸಿಕೊಂಡು ಮಾಡಲಾಗದ್ದನ್ನು ತಾವು ಅವಳ ಬುಟ್ಟಿಯಲ್ಲಿ ಸುಮ್ಮನೆ ಕೂತು ಮಾಡಿಸಿದಿರಿ. ಮೊನ್ನೆ ಶನಿವಾರ ರಸ್ತೆ ಸುರಕ್ಷತೆಯ ಪ್ರಚಾರದ ಜೀಪೊಂದು, ನಿಧಾನವಾಗಿ ಓಡಿಸಿರೆಂದು ಕೂಗುತ್ತಲೇ ಗೆರೆ ದಾಟಿ ಎರಡು ಗಜ ಮುಂದೆ ಹೋಗಿ ನಿಂತು, ಮೈಕು ಆರಿಸದೆಯೇ ತಮ್ಮನ್ನು ಕೊಡೆಂದು ಕೇಳಿತು. "ಮೊದಲ ಒಳಗ ಹೋಗಿ ಬ್ರೇಕ್ ಹಾಕಿಸ್ಕೊಂಡು ಬಾರೋ ತಮ್ಮಾ" ಎಂದ ಅಂಬವ್ವನ ಮಾತು ಅವರದೇ ಲೌಡ್‌ಸ್ಪೀಕರಿನಲ್ಲಿ ಇಡೀ ಬೀದಿಗೆ ಕೇಳಿಸಿತು.